ಸೋಮವಾರ ಅಡ್ಮಿಟ್ ಆಗಿ ಅನ್ನುವ ಮೊದಲು: ನಮ್ಮ ಕ್ಯಾನ್ಸರ್ ಸರ್ಜನ್‌ಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದಲ್ಲಿ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಮಾಡುವ ಎಲ್ಲ ವೈದ್ಯರಿಗೆ ಮತ್ತು ಅವರು ಕೆಲಸ ಮಾಡುವ ಆಸ್ಪತ್ರೆಗಳ ಮುಖ್ಯಸ್ಥರಿಗೆ

ವಿಷಯ: ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಯುವ ಆಪರೇಷನ್ ಬಗ್ಗೆ ರೋಗಿಯನ್ನೇ ಕೂರಿಸಿಕೊಂಡು ಮಾತಾಡಿ ನಿರ್ಧರಿಸುವ ಕುರಿತು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ವಯಸ್ಸು 54. ಕಳೆದ ವರ್ಷ ಬಲ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಬಯಾಪ್ಸಿ ಆಯಿತು, ಆಪರೇಷನ್ ಆಯಿತು, ಕೀಮೋ ಆಯಿತು, ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟಿದ್ದೂ ಆಯಿತು. ಈಗ ದಿನಕ್ಕೊಂದು ಮಾತ್ರೆ ನುಂಗುತ್ತೇನೆ, ಮತ್ತೆ ಕ್ಲಾಸಿಗೆ ಹೋಗುತ್ತೇನೆ, ಬಲಗೈಯಲ್ಲೇ ಬೋರ್ಡ್ ಮೇಲೆ ಬರೆಯುತ್ತೇನೆ. ಇದಕ್ಕೆಲ್ಲ ನಿಮ್ಮಂಥವರ ಕೈಗುಣವೇ ಕಾರಣ. ಆ ಋಣ ನನಗೆ ಗೊತ್ತಿದೆ.

ಆದರೆ ಈ ಚಿಕಿತ್ಸೆಯ ನಡುವೆ ನನ್ನ ಕಂಕುಳಿನ ಬಗ್ಗೆ ಒಂದು ದೊಡ್ಡ ನಿರ್ಧಾರ ಆಗಬೇಕಿತ್ತು. ಸ್ವಲ್ಪದರಲ್ಲಿ ಅದು ನನ್ನನ್ನು ಕೇಳದೆಯೇ ಆಗಿಹೋಗುತ್ತಿತ್ತು. ನನ್ನ ಪಕ್ಕದ ಬೆಡ್ಡಿನ ಹೆಣ್ಣುಮಗಳ ವಿಷಯದಲ್ಲಿ ಹಾಗೇ ಆಗಿಹೋಯಿತು. ಅದಕ್ಕೇ ಈ ಪತ್ರ. ಯಾವ ಆಸ್ಪತ್ರೆ, ಯಾವ ಡಾಕ್ಟರು ಅಂತ ನಾನು ಬರೆಯುವುದಿಲ್ಲ. ಒಬ್ಬರ ಮೇಲೆ ಬೆರಳು ತೋರಿಸುವುದು ನನ್ನ ಉದ್ದೇಶ ಅಲ್ಲ.

ಮೊದಲ ಆಪರೇಷನ್‌ನಲ್ಲಿ ಗಂಟು ಮಾತ್ರ ತೆಗೆದು ಸ್ತನ ಉಳಿಸಿದರು. ಗಂಟು 2.1 ಸೆಂಟಿಮೀಟರ್ ಇತ್ತು. ಅದೇ ಹೊತ್ತಿಗೆ ಕಂಕುಳಿನಲ್ಲಿ ಸೆಂಟಿನೆಲ್ ನೋಡ್ ಪರೀಕ್ಷೆಯನ್ನೂ ಮಾಡಿದರು. ನಿಮಗೆ ಇದು ದಿನನಿತ್ಯದ ಮಾತು. ಆದರೆ ಈ ಪತ್ರವನ್ನು ನನ್ನಂಥ ಹೆಣ್ಣುಮಕ್ಕಳೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಕೆರೆಯ ತೂಬು ಎತ್ತಿದರೆ ನೀರು ಎಲ್ಲ ಹೊಲಕ್ಕೂ ಒಟ್ಟಿಗೇ ನುಗ್ಗುವುದಿಲ್ಲ. ಕಾಲುವೆಯ ಬಾಯಲ್ಲಿರುವ ಹೊಲಕ್ಕೆ ಮೊದಲು ಹೋಗುತ್ತದೆ. ಸ್ತನದಿಂದ ಗ್ರಂಥಿಗಳ ಕಡೆಗೆ ಹೊರಡುವ ದುಗ್ಧರಸವೂ (ಹಾಲಲ್ಲ, ಲಿಂಫ್ ಅನ್ನುವ ದ್ರವ) ಹಾಗೆಯೇ. ಸ್ತನಕ್ಕೆ ಒಂದು ನೀಲಿ ಬಣ್ಣವನ್ನು ಚುಚ್ಚಿ, ಅದು ಕಂಕುಳಿನಲ್ಲಿ ಮೊದಲು ಮುಟ್ಟುವ ಗ್ರಂಥಿಗಳು ಯಾವುವು ಅಂತ ನೋಡಿ, ಅವನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಅವುಗಳ ಆಚೆಗಿನ ಗ್ರಂಥಿಗಳಿಗೆ ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಕಂಕುಳನ್ನು ಸುಮ್ನೆ ಬಿಡಬಹುದು.

ನನ್ನಲ್ಲಿ ಮೂರು ಗ್ರಂಥಿ ತೆಗೆದರು. ಆಪರೇಷನ್ ನಡೆಯುತ್ತಿರುವಾಗಲೇ ಮಾಡುವ ಫ್ರೋಜನ್ ಸೆಕ್ಷನ್‌ನಲ್ಲಿ ಮೂರರಲ್ಲೂ ಏನೂ ಇಲ್ಲ ಅಂತ ಬಂತು. ಹತ್ತು ದಿನದ ಮೇಲೆ ಫೈನಲ್ ರಿಪೋರ್ಟ್ ಬಂದಾಗ ಒಂದು ಗ್ರಂಥಿಯೊಳಗೆ 4 ಮಿಲಿಮೀಟರ್ ಕ್ಯಾನ್ಸರ್ ಇತ್ತು. ಫ್ರೋಜನ್‌ನಲ್ಲಿ ಕೆಲವೊಮ್ಮೆ ಹೀಗೆ ಕಣ್ತಪ್ಪುವುದು ಉಂಟು, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆಮೇಲೆ ಆದದ್ದರ ಬಗ್ಗೆ.

ಆವತ್ತು ನಾನು ಡ್ರೆಸಿಂಗ್ ರೂಮಿನಲ್ಲಿದ್ದೆ. ನರ್ಸ್ ಹೊಲಿಗೆ ನೋಡುತ್ತಿದ್ದರು. ಹೊರಗೆ ಕಾರಿಡಾರಿನಲ್ಲಿ ಸರ್ಜನ್ ನಮ್ಮನೆಯವರಿಗೆ ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. "ಒಂದು ನೋಡ್ ಪಾಸಿಟಿವ್ ಬಂದಿದೆ. ಕಂಕುಳು ಪೂರ್ತಿ ಕ್ಲೀನ್ ಮಾಡಬೇಕು. ಸೋಮವಾರ ಅಡ್ಮಿಟ್ ಆಗಿ." ಸೆರಗು ಸರಿ ಮಾಡಿಕೊಂಡು ನಾನು ಹೊರಗೆ ಬರುವಷ್ಟರಲ್ಲಿ ಅವರು ಮುಂದಿನ ರೋಗಿಯ ಹತ್ತಿರ ಹೋಗಿದ್ದರು. ನಮ್ಮನೆಯವರ ಕೈಯಲ್ಲಿ ಒಂದು ಫಾರಂ ಇತ್ತು. ಸಹಿ ಎಲ್ಲಿ ಮಾಡಬೇಕು ಅಂತ ತೋರಿಸಲು ಪೆನ್ಸಿಲಿನಲ್ಲಿ ಎರಡು ಇಂಟು ಮಾರ್ಕು ಹಾಕಿಕೊಟ್ಟಿದ್ದರು. ಒಂದು ಅವರಿಗೆ, ಒಂದು ನನಗೆ. ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು. ಆಪರೇಷನ್ ಹೆಸರು ಬರೆಯುವ ಜಾಗ ಇನ್ನೂ ಖಾಲಿ ಇತ್ತು.

ಆ 'ಕ್ಲೀನ್' ಅನ್ನುವ ಪದದ ಬಗ್ಗೆ ನಿಮ್ಮ ಹತ್ತಿರ ಹೇಳಲೇಬೇಕು. ನಿಮ್ಮಲ್ಲಿ ತುಂಬ ಜನ ಅದನ್ನೇ ಬಳಸುತ್ತೀರಿ, ವಾರ್ಡಿನಲ್ಲಿ ಬೇರೆಯವರ ಬಾಯಲ್ಲೂ ಕೇಳಿದೆ. ಕ್ಲೀನ್ ಮಾಡುತ್ತೇವೆ ಅಂದರೆ ಯಾರು ತಾನೇ ಬೇಡ ಅಂತಾರೆ? ಕೊಳೆ ಇದೆ, ತೊಳೆದುಬಿಡುತ್ತಾರೆ ಅಂತ ಕೇಳಿಸುತ್ತದೆ. ಹತ್ತೋ ಹದಿನೈದೋ ಅದಕ್ಕಿಂತ ಜಾಸ್ತಿಯೋ ಗ್ರಂಥಿಗಳು ಸುತ್ತಲಿನ ಕೊಬ್ಬಿನ ಸಮೇತ ಹೋಗುತ್ತವೆ ಅನ್ನುವುದು ಆ ಪದದಲ್ಲಿ ಇಲ್ಲ. ತೋಳಿನ ಒಳಬದಿ ಮರಗಟ್ಟಬಹುದು, ಭುಜ ಬಿಗಿದುಕೊಳ್ಳಬಹುದು, ಕೈ ಬಾತುಕೊಂಡು ಜೀವನಪೂರ್ತಿ ಹಾಗೇ ಉಳಿಯಬಹುದು ಅನ್ನುವುದೂ ಇಲ್ಲ. ಹೆಂಗಸು ತಲೆಯಾಡಿಸುವುದು ಪದಕ್ಕೆ. ಆಮೇಲೆ ಬಾಳಬೇಕಾಗಿರುವುದು ಕೈಯ ಜೊತೆ.

ಊರಿಗೆ ಬಂದೆವು. ವಿಷಯ ಗೊತ್ತಾದ ಕೂಡಲೇ ಅಣ್ಣ, ಅತ್ತಿಗೆ, ನಾದಿನಿ ಎಲ್ಲರೂ ಬಂದರು. ಎಲ್ಲರದೂ ಒಂದೇ ಮಾತು: "ಇದ್ದಿದ್ದೆಲ್ಲ ತೆಗೆಸಿಬಿಡು, ನಿಶ್ಚಿಂತೆಯಿಂದ ಇರಬಹುದು." ಪ್ರೀತಿಯಿಂದಲೇ ಹೇಳಿದರು. ನನಗೂ ಹಾಗೇ ಅನ್ನಿಸಿತು ಅಂತ ಒಪ್ಪಿಕೊಳ್ಳುತ್ತೇನೆ. ರಾತ್ರಿ ಎದ್ದು ಎದ್ದು ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದರಲ್ಲಿ ಸಿಕ್ಕಿದೆ, ಇನ್ನೊಂದರಲ್ಲಿ ಇಲ್ಲ ಅಂತ ಏನು ಗ್ಯಾರಂಟಿ? ದೇಹದೊಳಗೆ ಕ್ಯಾನ್ಸರ್ ಇಟ್ಟುಕೊಂಡು ಮಲಗುವುದು ಹೇಗೆ? ಸಹಿ ಮಾಡಿಬಿಡೋಣ ಅಂತ ಶುಕ್ರವಾರ ರಾತ್ರಿ ಪೆನ್ನು ಕೈಗೆ ತೆಗೆದುಕೊಂಡಿದ್ದೆ.

ನನ್ನನ್ನು ತಡೆದದ್ದು ಅಡುಗೆಮನೆಯ ಗೋಡೆ. ಮೊದಲ ಆಪರೇಷನ್ ಆದಮೇಲೆ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸುವುದು. ಎಷ್ಟು ಎತ್ತರ ಹೋಯಿತು ಅಂತ ದಿನಾ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಖು ಬರೆಯುತ್ತಿದ್ದೆ. ಮೂರನೇ ದಿನದ ಗೆರೆ ಭುಜಕ್ಕಿಂತ ಕೆಳಗಿತ್ತು. ಹನ್ನೊಂದನೇ ದಿನದ ಗೆರೆ ಮಸಾಲೆ ಡಬ್ಬಿ ಇಡುವ ಹಲಗೆಯನ್ನು ಮುಟ್ಟಿತ್ತು. ಬೋರ್ಡಿನ ಮೇಲ್ತುದಿ ಮುಟ್ಟಲು ಇನ್ನೂ ಒಂದು ಗೇಣು ಬಾಕಿ. ಮೂರೇ ಮೂರು ಗ್ರಂಥಿ ತೆಗೆದದ್ದಕ್ಕೆ ಇಷ್ಟು ದಿನ. ಎಲ್ಲ ತೆಗೆದರೆ ಈ ಗೆರೆಗಳು ಎಲ್ಲಿಗೆ ಬಂದು ನಿಲ್ಲುತ್ತವೆ? ಆ ಪ್ರಶ್ನೆಯನ್ನು ಯಾರ ಹತ್ತಿರವೂ ಕೇಳದೆ ಸಹಿ ಮಾಡುವುದು ಸರಿಯಲ್ಲ ಅನ್ನಿಸಿತು. ಶನಿವಾರ ಬೆಳಿಗ್ಗೆ ಫೋನ್ ಮಾಡಿ, ಸೋಮವಾರ ಬರುವುದಿಲ್ಲ, ಇನ್ನೊಬ್ಬರಿಗೆ ತೋರಿಸುತ್ತೇನೆ ಅಂದೆ.

ಇನ್ನೊಬ್ಬರಿಗೆ ತೋರಿಸಲು ಲ್ಯಾಬಿನಲ್ಲಿರುವ ಗಾಜಿನ ಸ್ಲೈಡ್ ಮತ್ತು ಗ್ರಂಥಿಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಬೇಕು. ಅದಕ್ಕೆ ಆರು ದಿನ ಓಡಾಡಿದೆವು. ಕೌಂಟರಿನಲ್ಲಿ "ಬ್ಲಾಕ್ ಕೊಡೋಕೆ ಬರಲ್ಲ" ಅಂದರು, ಆಮೇಲೆ "ಅರ್ಜಿ ಬರೆದುಕೊಡಿ" ಅಂದರು, ಆಮೇಲೆ "ಮೇಡಂ ರಜೆಯಲ್ಲಿದ್ದಾರೆ" ಅಂದರು. ನನ್ನ ದೇಹದಿಂದ ತೆಗೆದ ಗ್ರಂಥಿಯ ಚೂರು ಅದು. ನಾವಾದರೂ ಓದು ಬರಹ ಬಲ್ಲವರು, ಪಟ್ಟು ಹಿಡಿದೆವು.

ಎರಡನೇ ವೈದ್ಯರು ಮಾಡಿದ ಮೊದಲ ಕೆಲಸ ನನ್ನನ್ನು ಕೂರಿಸಿದ್ದು. ಕೇಳಿದ ಮೊದಲ ಪ್ರಶ್ನೆ, "ನೀವು ಏನು ಕೆಲಸ ಮಾಡುತ್ತೀರಿ? ಬರೆಯುವುದು ಯಾವ ಕೈಯಲ್ಲಿ?" ಅಷ್ಟು ದಿನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಚೀಟಿಯ ಹಿಂಬದಿಯಲ್ಲಿ ಸ್ತನ, ಕಂಕುಳು, ಗ್ರಂಥಿಗಳ ಚಿತ್ರ ಬರೆದರು. ಆಪರೇಷನ್ ಬೇಡ ಅಂತ ಅವರು ಹೇಳಲಿಲ್ಲ. ಎರಡು ದಾರಿ ಇದೆ, ಎರಡನ್ನೂ ಹೇಳುತ್ತೇನೆ, ಆಯ್ಕೆ ನಿಮ್ಮದು ಅಂದರು.

ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ಖಚಿತ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಅಮೆರಿಕದಲ್ಲಿ ನಡೆದ ಜ಼ಡ್0011 ಅನ್ನುವ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು, ಹತ್ತು ವರ್ಷದ ಲೆಕ್ಕ 2017ರಲ್ಲಿ ಬಂತು. 891 ಹೆಂಗಸರು. ಎಲ್ಲರದೂ 5 ಸೆಂಟಿಮೀಟರ್ ಒಳಗಿನ ಗಂಟು, ಕಂಕುಳಿನಲ್ಲಿ ಕೈಗೆ ಸಿಗುವಂಥದ್ದು ಏನಿಲ್ಲ, ಒಂದು ಅಥವಾ ಎರಡು ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್. ಎಲ್ಲರಿಗೂ ಸ್ತನ ಉಳಿಸುವ ಆಪರೇಷನ್, ಆಮೇಲೆ ಸ್ತನಕ್ಕೆ ಪೂರ್ತಿ ಕರೆಂಟ್ ಕೊಡುವ ಯೋಜನೆ. ಅರ್ಧ ಜನಕ್ಕೆ ಉಳಿದ ಗ್ರಂಥಿಗಳನ್ನೂ ತೆಗೆದರು, ಅರ್ಧ ಜನಕ್ಕೆ ತೆಗೆಯಲಿಲ್ಲ. ಹತ್ತು ವರ್ಷದ ಮೇಲೆ, ತೆಗೆಯದವರಲ್ಲಿ ನೂರಕ್ಕೆ 86.3 ಮಂದಿ ಬದುಕಿದ್ದರು, ತೆಗೆದವರಲ್ಲಿ 83.6. ಅಂದರೆ ತೆಗೆಯದೆ ಬಿಟ್ಟದ್ದರಿಂದ ಆಯಸ್ಸು ಕಡಿಮೆ ಆಗಲಿಲ್ಲ.

ನನ್ನ ರಾತ್ರಿಯ ಪ್ರಶ್ನೆಯನ್ನು ಅವರಿಗೆ ಕೇಳಿದೆ. ಉಳಿದ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ? ಅವರು ಮುಚ್ಚಿಡಲಿಲ್ಲ. ಇರಬಹುದು ಅಂದರು. ಆ ಅಧ್ಯಯನದಲ್ಲಿ ಪೂರ್ತಿ ತೆಗೆಸಿಕೊಂಡವರ ಪೈಕಿ ನೂರಕ್ಕೆ 27 ಮಂದಿಯ ಉಳಿದ ಗ್ರಂಥಿಗಳಲ್ಲೂ ಕ್ಯಾನ್ಸರ್ ಸಿಕ್ಕಿತ್ತು. ತೆಗೆಸಿಕೊಳ್ಳದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಇದ್ದಿರಬೇಕು, ಅಲ್ವಾ? ಆದರೂ ಹತ್ತು ವರ್ಷದಲ್ಲಿ ಅವರ ಪೈಕಿ ಕಂಕುಳಿನ ಭಾಗದಲ್ಲಿ ಮತ್ತೆ ಕಾಣಿಸಿಕೊಂಡದ್ದು ನೂರಕ್ಕೆ 1.5 ಮಂದಿಗೆ. ತೆಗೆಸಿಕೊಂಡವರಲ್ಲಿ 0.5. ಉಳಿದದ್ದನ್ನು ಕರೆಂಟ್, ಕೀಮೋ, ಮಾತ್ರೆಗಳು ನೋಡಿಕೊಂಡವು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ತೋರಿಸಿದಾಗ ನನ್ನ ಎದೆಯ ಭಾರ ಇಳಿಯಿತು. ಇದು ಬರೀ ಧೈರ್ಯದ ಮಾತಲ್ಲ. ಅಪಾಯ ಇಲ್ಲ ಅಂತ ಅವರು ಹೇಳಲಿಲ್ಲ, ಅಪಾಯ ಇಷ್ಟು ಅಂತ ಹೇಳಿದರು. ಇಷ್ಟು ಅಂತ ಗೊತ್ತಾದರೆ ಹೊರಬಹುದು.

ಇನ್ನೊಂದು ಅಧ್ಯಯನ ಯುರೋಪಿನ ಅಮರೋಸ್. 2014ರಲ್ಲಿ ಬಂದದ್ದು. ಅದರಲ್ಲಿ ಸೆಂಟಿನೆಲ್ ಪಾಸಿಟಿವ್ ಬಂದವರಲ್ಲಿ ಕೆಲವರಿಗೆ ಕಂಕುಳು ಪೂರ್ತಿ ಆಪರೇಷನ್, ಕೆಲವರಿಗೆ ಕಂಕುಳಿಗೆ ಕರೆಂಟ್ ಮಾತ್ರ. ಕ್ಯಾನ್ಸರ್ ಮಟ್ಟಿಗೆ ಎರಡೂ ಚೆನ್ನಾಗಿಯೇ ಕೆಲಸ ಮಾಡಿದವು. ಆದರೆ ಐದು ವರ್ಷದ ಮೇಲೆ ಕೈ ಬಾವು ಆಪರೇಷನ್ ಆದವರಲ್ಲಿ ನೂರಕ್ಕೆ 23, ಕರೆಂಟ್ ಆದವರಲ್ಲಿ 11. ಸ್ತನ ಪೂರ್ತಿ ತೆಗೆಸಿಕೊಂಡವರಿಗೆ ಇದೆಲ್ಲ ಅನ್ವಯಿಸುತ್ತಾ ಅಂತ ಬಹಳ ವರ್ಷ ಅನುಮಾನ ಇತ್ತು. ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಆಗುವುದು ಅದೇ ಆಪರೇಷನ್, ಹಾಗಾಗಿ ಇದು ನಮಗೆ ಮುಖ್ಯ. 2024ರಲ್ಲಿ ಬಂದ ಸೆನೋಮ್ಯಾಕ್ ಅನ್ನುವ ಅಧ್ಯಯನದಲ್ಲಿ ಐದು ದೇಶಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು, ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಂದಿ ಸ್ತನ ಪೂರ್ತಿ ತೆಗೆಸಿಕೊಂಡವರು. ಅಲ್ಲೂ ಉಳಿದ ಗ್ರಂಥಿ ಬಿಟ್ಟವರು ಹಿಂದೆ ಬೀಳಲಿಲ್ಲ. ಅವರಲ್ಲೂ ಹೆಚ್ಚಿನವರಿಗೆ ಕರೆಂಟ್ ಕೊಟ್ಟಿದ್ದರು ಅನ್ನುವುದನ್ನು ಮರೆಯಬಾರದು.

ನಾನು ಆಪರೇಷನ್ ಬೇಡ, ಕರೆಂಟ್ ಸಾಕು ಅಂದೆ. ಅದು ನನ್ನ ನಿರ್ಧಾರ. ಎಲ್ಲರೂ ಹಾಗೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಓದಿಕೊಳ್ಳಬಾರದು. ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಗೆ ಕಂಕುಳಿನಲ್ಲಿ ಕೈಗೆ ಸಿಗುವಷ್ಟು ದೊಡ್ಡ ಗಂಟುಗಳಿದ್ದವು, ಮೊದಲು ಕೀಮೋ ಕೊಟ್ಟರೂ ಗ್ರಂಥಿಯಲ್ಲಿ ಕ್ಯಾನ್ಸರ್ ಉಳಿದಿತ್ತು. ಅವರಿಗೆ ಪೂರ್ತಿ ತೆಗೆದರು. ಅದು ಬೇಕಾಗಿದ್ದ ಆಪರೇಷನ್. ಅವರೂ ಯಾಕೆ ಅಂತ ತಿಳಿದುಕೊಂಡೇ ಸಹಿ ಮಾಡಿದ್ದರು. ಯಾಕೆ ಅಂತ ಗೊತ್ತಿದ್ದುದರಿಂದಲೇ ಆಮೇಲಿನ ಕೈನೋವನ್ನು ತಡೆದುಕೊಂಡೆ ಅಂತ ಅವರೇ ನನಗೆ ಹೇಳಿದ್ದಾರೆ.

ಈಗ ನನ್ನ ಪಕ್ಕದ ಬೆಡ್ಡಿನವರ ಮಾತು. ಅವರು ಗದಗದ ಕಡೆಯವರು. ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವುದು ಅವರ ಕಸುಬು, ದಿನಕ್ಕೆ ಇನ್ನೂರು ರೊಟ್ಟಿ. ಬಿಪಿಎಲ್ ಕಾರ್ಡಿನ ಮೇಲೆ ಆಪರೇಷನ್ ಆಯಿತು, ಒಂದು ರೂಪಾಯಿ ಖರ್ಚಾಗಲಿಲ್ಲ. ಸ್ತನ ಮತ್ತು ಕಂಕುಳು ಎರಡನ್ನೂ ಒಂದೇ ಸಲ ಪೂರ್ತಿ ತೆಗೆದಿದ್ದರು. ರಿಪೋರ್ಟ್ ಬಂದ ದಿನ ಅವರ ಮಗ ಅದನ್ನು ನನ್ನ ಹತ್ತಿರ ಓದಿಸಲು ತಂದ. 16 ಗ್ರಂಥಿ ತೆಗೆದಿದ್ದಾರೆ, ಒಂದರಲ್ಲೂ ಕ್ಯಾನ್ಸರ್ ಇಲ್ಲ. ಹುಡುಗ ಖುಷಿಯಿಂದ ಅತ್ತುಬಿಟ್ಟ. ನಾನೂ ಅವನ ಬೆನ್ನು ತಟ್ಟಿದೆ. ಆಗ ನನಗೂ ಅಷ್ಟೇ ಗೊತ್ತಿದ್ದದ್ದು.

ಸುಮಾರು ಒಂದು ವರ್ಷದ ಮೇಲೆ ಓಪಿಡಿ ಸಾಲಿನಲ್ಲಿ ಅವರು ಮತ್ತೆ ಸಿಕ್ಕರು. ಎಡಗೈಯಲ್ಲಿ ಹಸಿರು ಗಾಜಿನ ಬಳೆ ತುಂಬಿದ್ದವು, ಬಲಗೈ ಬರಿದಾಗಿತ್ತು. ಬಲಗೈ ಮುಂಗೈಯಿಂದ ಮೇಲಕ್ಕೆ ದಪ್ಪಗೆ ಬಾತಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ರವಿಕೆಯ ಬಲತೋಳಿನ ಹೊಲಿಗೆ ಬಿಚ್ಚಿ ಬೇರೆ ಬಟ್ಟೆಯ ತುಂಡು ಸೇರಿಸಿದ್ದರು. "ಬಳಿ ಏರವಲ್ವು ಟೀಚರ್. ಬಳಿ ಹೋಗ್ಲಿ, ರೊಟ್ಟಿ ಬಡಿಯಾಕ ಆಗವಲ್ದ್ರೀ" ಅಂದರು. ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಕಲ್ಲಿನ ಹಾಗೆ ಭಾರ ಆಗುತ್ತದಂತೆ. ಈಗ ಸೊಸೆ ಬಡಿಯುತ್ತಾಳೆ, ಇವರು ಹಿಟ್ಟು ನಾದಲೂ ಆಗದೆ ಕೂತಿರುತ್ತಾರೆ. ಎರಡು ಸಲ ಕೈಗೆ ಸೋಂಕಾಗಿ ಜ್ವರ ಬಂದು ಆಸ್ಪತ್ರೆ ಸೇರಿದ್ದರು. ಬಾವು ಹತೋಟಿಗೆ ಕೈಗೆ ಬಿಗಿಯಾಗಿ ತೊಡುವ ಪ್ರೆಶರ್ ಸ್ಲೀವ್ ಹಾಕಿಕೊಳ್ಳಬೇಕು ಅಂತ ಗೊತ್ತಾದದ್ದೇ ಆ ಎರಡನೇ ಸಲ. ಅದನ್ನು ಕೈಯಿಂದ ದುಡ್ಡು ಹಾಕಿ ಕೊಂಡರು. ಆಪರೇಷನ್‌ಗೆ ಮುಂಚೆ ಇದೆಲ್ಲ ಹೇಳಿದ್ದರಾ ಅಂತ ಕೇಳಿದೆ. "ನನ್ನ ಯಾರೂ ಏನೂ ಕೇಳಲಿಲ್ರೀ. ನಮ್ಮ ಹುಡುಗನ ಸೈನ್ ತಗೊಂಡ್ರು, ನನ್ನ ಹೆಬ್ಬೆಟ್ಟು ಒತ್ತಿಸಿದ್ರು, ಮುಗೀತು."

ಆ 16 ಗ್ರಂಥಿ ತೆಗೆಯುವ ಮುಂಚೆ ಎರಡು ಮೂರು ತೆಗೆದು ನೋಡುವ ದಾರಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಫೈಲನ್ನು ನಾನು ಪೂರ್ತಿ ಓದಿದೆ. ಕಂಕುಳಿನಲ್ಲಿ ಕೈಗೆ ಏನೂ ಸಿಕ್ಕಿಲ್ಲ, ಸ್ಕ್ಯಾನಿಂಗಿನಲ್ಲೂ ಗ್ರಂಥಿ ದೊಡ್ಡದಾಗಿಲ್ಲ ಅಂತಲೇ ಬರೆದಿದೆ. ಎಲ್ಲ ಕಡೆ ಸೆಂಟಿನೆಲ್ ಸೌಲಭ್ಯ ಇಲ್ಲ ಅನ್ನುವ ಉತ್ತರ ನನಗೆ ಗೊತ್ತು. ಆ ಮೊದಲ ಗ್ರಂಥಿಗಳನ್ನು ಗುರುತಿಸಲು ಬಳಸುವ ವಿಕಿರಣದ ಔಷಧಿ, ಅದನ್ನು ಹುಡುಕುವ ಯಂತ್ರ ಎಲ್ಲ ಆಸ್ಪತ್ರೆಗಳಲ್ಲಿ ಇಲ್ಲ, ಹೌದು. ಆದರೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ದುಬಾರಿ ಔಷಧಿ ಅಲ್ಲ. ಅದೂ ಬೇಡವೆಂದರೆ, ಕಂಕುಳಿನ ಕೆಳಭಾಗದ ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ವಿಧಾನವನ್ನು ನಮ್ಮ ದೇಶಕ್ಕೆ ಹೊಂದುವ ಹಾಗೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರೇ ಮಾಡಿ ತೋರಿಸಿದ್ದಾರೆ. ಅದಕ್ಕೆ ಬಣ್ಣವೂ ಬೇಡ, ಯಂತ್ರವೂ ಬೇಡ. ಕಲಿತ ಕೈ ಬೇಕು. ಅಂಥ ಕೈ ನಿಮ್ಮ ಹತ್ತಿರ ಇದೆ.

ನಿಮ್ಮ ಕಷ್ಟ ನನಗೆ ಕಾಣದೆ ಇಲ್ಲ. ಓಪಿಡಿಯಲ್ಲಿ ನಿಮ್ಮ ಮುಂದೆ ಇರುವ ಸಾಲನ್ನು ನಾನು ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಇನ್ನೂ ಒಂದು ಕಾರಣವನ್ನು ಎರಡನೇ ವೈದ್ಯರು ಬಿಚ್ಚಿ ಹೇಳಿದರು, ಅದು ನನ್ನನ್ನು ಯೋಚನೆಗೆ ಹಚ್ಚಿತು. ಕಂಕುಳು ಬಿಡಬೇಕು ಅಂದರೆ ಕರೆಂಟ್ ತಪ್ಪಬಾರದು. ಕರೆಂಟ್ ಅಂದರೆ ವಾರಕ್ಕೆ ಐದು ದಿನದಂತೆ ಮೂರು ವಾರ, ಕೆಲವೊಮ್ಮೆ ಐದು ವಾರ. ಅದು ಇರುವುದು ದೊಡ್ಡ ಊರುಗಳಲ್ಲಿ. ಹಳ್ಳಿಯ ಹೆಂಗಸು ಅಷ್ಟು ದಿನ ಎಲ್ಲಿ ಉಳಿಯಬೇಕು, ಜೊತೆಗೆ ಯಾರು ಇರಬೇಕು, ಮನೆಯಲ್ಲಿ ದನ ಕರು ಯಾರು ನೋಡಬೇಕು? ಅರ್ಧಕ್ಕೇ ಬಿಟ್ಟು ಹೋಗುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಹಾಗಾಗಿ ಮೊದಲೇ ಎಲ್ಲ ತೆಗೆದುಬಿಡುವುದು ಸುರಕ್ಷಿತ ಅಂತ ಸರ್ಜನ್‌ಗಳಿಗೆ ಅನ್ನಿಸುತ್ತದೆ ಅಂದರು. ಇದು ಅರ್ಥವಾಗುವ ಮಾತು. ಕೆಲವು ಹೆಂಗಸರ ವಿಷಯದಲ್ಲಿ ಸರಿಯಾದ ಮಾತೂ ಇರಬಹುದು. ಆದರೆ ಅದನ್ನು ಅವಳಿಗೇ ಹೇಳಬಹುದಲ್ಲ? "ಅಮ್ಮಾ, ಮೂರು ವಾರ ಇಲ್ಲಿ ಇದ್ದು ಕರೆಂಟ್ ತೆಗೆದುಕೊಂಡರೆ ಕೈ ಉಳಿಯುವ ಸಾಧ್ಯತೆ ಜಾಸ್ತಿ. ಬರುವುದಕ್ಕೆ ಆಗಲ್ಲ ಅಂದರೆ ಆಪರೇಷನ್ ಮಾಡುತ್ತೇನೆ, ಆದರೆ ಕೈ ಬಾತುಕೊಳ್ಳಬಹುದು. ನೀನು ಏನಂತೀ?" ಇಷ್ಟೇ. ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಸಂಸಾರ ನಡೆಸುವ ಹೆಂಗಸಿಗೆ ಈ ಲೆಕ್ಕ ಹಾಕಲು ಬರುವುದಿಲ್ಲವೇ? ಮೂರು ವಾರಕ್ಕೆ ಅಲ್ಲ, ಮೂರು ತಿಂಗಳಿಗೂ ಅವರು ದಾರಿ ಮಾಡಿಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ.

ಕಾನೂನಿನ ಮಾತನ್ನೂ ಹೇಳುತ್ತೇನೆ, ಹೆದರಿಸಲು ಅಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆ ಅಂತ ಅರಿವಳಿಕೆ ಪಡೆದು ಮಲಗಿದ್ದ ಹೆಂಗಸಿನ ಗರ್ಭಕೋಶವನ್ನು, ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಕೋರ್ಟ್ ಅದನ್ನು ಒಪ್ಪಲಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ. ವಯಸ್ಸಿಗೆ ಬಂದ, ಬುದ್ಧಿ ಸರಿ ಇರುವ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡುವ ಹಾಗಿಲ್ಲ. ಪ್ರಾಣಕ್ಕೆ ಕುತ್ತು ಬಂದು ಕಾಯಲು ಆಗದ ಹೊತ್ತು ಬೇರೆ. ಇನ್ನೊಂದು ಆಪರೇಷನ್ ತಪ್ಪಿತು, ಖರ್ಚು ಉಳಿಯಿತು ಅನ್ನುವುದು ಸಮರ್ಥನೆ ಅಲ್ಲ. ಒಪ್ಪಿಗೆ ಕೇಳುವಾಗ ಲಾಭ, ಅಪಾಯ, ಬೇರೆ ದಾರಿಗಳು, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ, ಎಲ್ಲವನ್ನೂ ಹೇಳಬೇಕು. ಫ್ರೋಜನ್ ಸೆಕ್ಷನ್ ಪಾಸಿಟಿವ್ ಬಂದಾಗ ಥಿಯೇಟರಿನಿಂದ ಹೊರಗೆ ಬಂದು ಗಂಡನ ಹತ್ತಿರವೋ ಮಗನ ಹತ್ತಿರವೋ ಸಹಿ ಹಾಕಿಸಿಕೊಳ್ಳುವುದು ಇದಕ್ಕಿಂತ ಎಷ್ಟು ದೂರ? ಅದೇ ತೀರ್ಪಿನಲ್ಲಿ ದಾರಿಯೂ ಇದೆ. ಮುಂದೆ ಏನು ಬೇಕಾಗಬಹುದು ಅಂತ ಮೊದಲೇ ಹೇಳಿ ಎರಡಕ್ಕೂ ಒಟ್ಟಿಗೆ ಒಪ್ಪಿಗೆ ಪಡೆಯಬಹುದು.

ಅದಕ್ಕೇ ನನ್ನ ಮೊದಲ ಬೇಡಿಕೆ ಇದು. ಮೊದಲ ಆಪರೇಷನ್‌ಗೆ ಮುಂಚೆಯೇ, ಅವಳು ಎಚ್ಚರ ಇರುವಾಗ, ಮನೆಯವರು ಪಕ್ಕದಲ್ಲಿದ್ದರೂ ಅವಳ ಮುಖ ನೋಡಿ ಮಾತಾಡಿ. ಗ್ರಂಥಿಯಲ್ಲಿ ಏನೂ ಸಿಗದಿದ್ದರೆ ಹೀಗೆ, ಒಂದೆರಡರಲ್ಲಿ ಸಿಕ್ಕರೆ ಹೀಗೆ, ಜಾಸ್ತಿ ಸಿಕ್ಕರೆ ಹೀಗೆ ಅಂತ ಹೇಳಿ. ಯಾವ ಕೈಯಲ್ಲಿ ಏನು ಕೆಲಸ ಮಾಡುತ್ತಾಳೆ ಅಂತ ಕೇಳಿ, ಅದನ್ನು ಫೈಲಿನಲ್ಲಿ ಬರೆಯಿರಿ. ಫೈನಲ್ ರಿಪೋರ್ಟ್ ಬಂದಮೇಲೆ ಎರಡನೇ ಆಪರೇಷನ್ ಬೇಕು ಅನ್ನಿಸಿದರೆ, ರಿಪೋರ್ಟಿನ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟು ಕೆಲವು ದಿನ ಯೋಚಿಸಲು ಬಿಡಿ. ಎರಡನೇ ಅಭಿಪ್ರಾಯಕ್ಕೆ ಸ್ಲೈಡ್, ಬ್ಲಾಕ್ ಕೇಳಿದರೆ ಕೌಂಟರಿನಲ್ಲಿ ಅಲೆಸಬೇಡಿ. ಸರ್ಜನ್, ಕೀಮೋ ಕೊಡುವವರು, ಕರೆಂಟ್ ಕೊಡುವವರು ಒಟ್ಟಿಗೆ ಕೂತು ಮಾತಾಡಿದ್ದರೆ, ಅವರು ಏನು ತೀರ್ಮಾನಿಸಿದರು ಅಂತ ನಾಲ್ಕು ಸಾಲು ಫೈಲಿನಲ್ಲಿರಲಿ. ನನ್ನ ಮೊದಲ ಫೈಲಿನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಅದರ ಜೊತೆ ಒಂದು ಹಾಳೆ ಕನ್ನಡದಲ್ಲಿ ಕೊಡಿ: ಗ್ರಂಥಿ ಅಂದರೇನು, ಎಷ್ಟು ತೆಗೆಯುತ್ತಾರೆ, ಕೈಗೆ ಏನಾಗಬಹುದು, ಬೇರೆ ದಾರಿ ಯಾವುದು. ಅಂಥ ಹಾಳೆ ಬರೆಯುವವರು ಇಲ್ಲ ಅಂತಾದರೆ ನಾನು ಬರೆದುಕೊಡುತ್ತೇನೆ. 28 ವರ್ಷದಿಂದ ಹಳ್ಳಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟಿದ್ದೇನೆ. ತಪ್ಪಿದ್ದರೆ ನೀವು ತಿದ್ದಿ. ಓದಲು ಬರದವರಿಗೆ ನರ್ಸ್ ಒಬ್ಬರು ಐದು ನಿಮಿಷ ಓದಿ ಹೇಳಬಹುದು.

ಕಂಕುಳು ಪೂರ್ತಿ ತೆಗೆಯಲೇಬೇಕಾದವರ ವಿಷಯಕ್ಕೆ ಬಂದರೆ, ಕತ್ತರಿ ಹಾಕುವ ಮುಂಚೆ ಎರಡೂ ಕೈಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆದಿಡಿ. ದರ್ಜಿಯ ಟೇಪು ಸಾಕು. ಮತ್ತೆ ಬಂದಾಗಲೆಲ್ಲ ಅಳೆಯಿರಿ. ಬಾವು ಶುರುವಾದಾಗಲೇ ಹಿಡಿದರೆ ಸ್ಲೀವ್, ಬ್ಯಾಂಡೇಜ್, ವ್ಯಾಯಾಮದಿಂದ ಹತೋಟಿಯಲ್ಲಿ ಇಡಬಹುದು ಅಂತ ನೀವೇ ಹೇಳುತ್ತೀರಿ. ಆದರೆ ಹಿಡಿಯುವವರು ಯಾರು? ಡಿಸ್ಚಾರ್ಜ್ ದಿನವೇ ಫಿಸಿಯೋಥೆರಪಿಯವರಿಗೆ ಒಮ್ಮೆ ತೋರಿಸಿ ಕಳಿಸಿ. ಆಸ್ಪತ್ರೆಗಳ ಮುಖ್ಯಸ್ಥರಲ್ಲಿ ನನ್ನ ಮನವಿ, ಆಪರೇಷನ್ ಉಚಿತ ಅಂದಮೇಲೆ ಆ ಆಪರೇಷನ್‌ನಿಂದ ಬಂದ ಬಾವಿನ ಸ್ಲೀವ್ ಕೂಡ ಉಚಿತ ಆಗುವ ಹಾಗೆ ಸರ್ಕಾರಕ್ಕೆ ನೀವೇ ಬರೆಯಿರಿ. ನನ್ನಂಥವರು ಬರೆದರೆ ಒಂದು ಅರ್ಜಿ ಅಷ್ಟೇ, ನೀವು ಬರೆದರೆ ತೂಕ ಬೇರೆ. ಹಾಗೆಯೇ ಕರೆಂಟ್‌ಗೆ ಬರುವ ದೂರದ ಹೆಂಗಸರಿಗೆ ಮೂರು ವಾರ ಉಳಿಯಲು ಜಾಗ ಮಾಡಿಕೊಡಿ. ಒಂದು ದೊಡ್ಡ ಕೋಣೆ, ಹತ್ತು ಮಂಚ, ಒಂದು ಅಡುಗೆ ಕಟ್ಟೆ. ಅಡುಗೆ ಅವರೇ ಮಾಡಿಕೊಳ್ಳುತ್ತಾರೆ. ಅಷ್ಟಿದ್ದರೆ ಎಷ್ಟು ಹೆಂಗಸರ ಕೈ ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಬಲ್ಲಿರಿ.

ಗದಗದ ಆ ಅಕ್ಕನ ಫೋನ್ ನಂಬರು ನನ್ನ ಹತ್ತಿರ ಇದೆ. ವಾರಕ್ಕೊಮ್ಮೆ ಮಾತಾಡುತ್ತೇವೆ. ಕಳೆದ ವಾರ ಹೇಳಿದರು, ಸ್ಲೀವ್ ಹಾಕಿಕೊಂಡು ಐದು ರೊಟ್ಟಿ ಬಡಿದರಂತೆ, ಮೊಮ್ಮಗನಿಗೆ ಅಂತ. ಬಾವಿನ ಕೈಗೆ ಸರಿಯಾಗಿ ಚಿಕಿತ್ಸೆ ಕೊಡುವ ಜಾಗ ನಿಮ್ಮಲ್ಲಿ ಯಾರ ಆಸ್ಪತ್ರೆಯಲ್ಲಾದರೂ ಇದ್ದರೆ ಈ ಪತ್ರಕ್ಕೆ ಉತ್ತರವಾಗಿ ತಿಳಿಸಿ. ಶಾಲೆಗೆ ರಜೆ ಹಾಕಿ ನಾನೇ ಅವರನ್ನು ಕರೆದುಕೊಂಡು ಬರುತ್ತೇನೆ.

ಗೌರವದಿಂದ,
ನಿಮ್ಮ ಕೈಯಲ್ಲಿ ಚಿಕಿತ್ಸೆ ಪಡೆದ ಒಬ್ಬ ಶಿಕ್ಷಕಿ
ಹಾವೇರಿ ಜಿಲ್ಲೆ